ಭಟ್ಟಿ ಓಣಿಗೆ ಬಂದ ದಿಲ್ಲಿ ಲಕೋಟೆ

ಪೋಸ್ಟ್‌ಮ್ಯಾನ್ ಆ ಲಕೋಟೆಯನ್ನು ಮನೆಗೆ ಕೊಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ರಿಜಿಸ್ಟರ್ ಕಾಗದ, ಸಹಿಗಾಗಿ ಖಾಜಾ ಹುಸೇನ್ ಬಿಸಿಲಲ್ಲಿ ಅಂಚೆ ಕಚೇರಿಗೆ ಅಲೆಯುವುದು ಬೇಡ ಎಂದು, ಒಳ್ಳೆಯ ಮನಸ್ಸಿನಿಂದಲೇ, ಸೈಕಲ್ ತುಳಿದುಕೊಂಡು ನೇರ ಅವನ ಭಟ್ಟಿಗೇ ಬಂದ.

ದಾವಣಗೆರೆಯ ನಿಟ್ಟುವಳ್ಳಿಯ ಅಂಚಿನ ಆ ಓಣಿಯಲ್ಲಿ ಒಂದಕ್ಕೊಂದು ಗೋಡೆ ಅಂಟಿಸಿಕೊಂಡ ಆರು ಮಂಡಕ್ಕಿ ಭಟ್ಟಿಗಳಿವೆ. ಮೊದಲನೆಯದರಲ್ಲಿ ಯಾರಾದರೂ ಕೆಮ್ಮಿದರೆ ಆರನೆಯದರಿಂದ "ನೀರು ಕುಡೀರಿ" ಎಂಬ ಸಲಹೆ ಬರುತ್ತದೆ. ಅಂಥ ಕಡೆ ನಿಂತು ಪೋಸ್ಟ್‌ಮ್ಯಾನ್ ಕೂಗಿದ:

"ಖಾಜಾ ಸಾಹೇಬ್ರೆ, ದಿಲ್ಲಿಯಿಂದ ರಿಜಿಸ್ಟರ್ ಬಂದೈತೆ! ಪಾರ್ಲಿಮೆಂಟಿಂದು! ಸಹಿ ಹಾಕ್ರಿ!"

ಬಿಸಿ ಮರಳಿಗೆ ಬಿದ್ದ ಅಕ್ಕಿ ಅರಳುವಷ್ಟರಲ್ಲಿ ಸುದ್ದಿ ಆರೂ ಭಟ್ಟಿಗಳಲ್ಲಿ ಅರಳಿತು.

ಖಾಜಾ ಲಕೋಟೆ ಒಡೆದು ನೋಡಿದ. ಮೇಲ್ಗಡೆ ‘ಅತಿ ಗೋಪ್ಯ’ ಎಂಬ ಕೆಂಪು ಠಸ್ಸೆ. ಕೆಳಗೆ, ತಮ್ಮ ಅಭಿಪ್ರಾಯ ತಲುಪಿದೆ, ಸಮಿತಿಯ ಮುಂದೆ ಇಡಲಾಗುವುದು ಎಂಬ ಎರಡು ಸಾಲು. ಅವನ ಎದೆ ಉಬ್ಬಿತು. ಆದರೆ ಉಬ್ಬಿದ್ದು ಯಾಕೆ ಎಂದು ಯಾರಿಗೂ ಹೇಳುವಂತಿರಲಿಲ್ಲ.

ಆಗಿದ್ದು ಇಷ್ಟು. ಎರಡು ತಿಂಗಳ ಹಿಂದೆ ಮಂಡಕ್ಕಿ ಕಟ್ಟಲು ತಂದ ಹಳೆ ಪೇಪರಿನಲ್ಲಿ ಒಂದು ಜಾಹೀರಾತಿತ್ತು. ಹೊರದೇಶಗಳ ಕಲ್ಲಿದ್ದಲು, ತೈಲ, ಅನಿಲದ ಕಾರ್ಖಾನೆಗಳಿಗೆ ನಮ್ಮ ಸರ್ಕಾರ ಸಾಲ ಕೊಡುತ್ತಿದೆ. ಆ ಸಾಲವನ್ನೂ ಅದಕ್ಕೆ ದಾರಿ ಮಾಡಿಕೊಡುವ ವ್ಯಾಪಾರ ನೀತಿಯನ್ನೂ ಸಂಸತ್ತಿನ ಒಂದು ಸಮಿತಿ ಪರಿಶೀಲಿಸುತ್ತಿದೆ. ಸಾರ್ವಜನಿಕರು ಅಭಿಪ್ರಾಯ ಬರೆಯಬಹುದು. ಅದನ್ನು ಓದಿ ಅರ್ಥ ಹೇಳಿದವರು ಹರಿಹರದ ಅನ್ನಪೂರ್ಣಮ್ಮ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದವರು, ಖಾಜಾನ ಮಂಡಕ್ಕಿ ಬಿಟ್ಟು ಬೇರೆಯದು ಮುಟ್ಟದವರು.

"ಹಂಗಾರೆ ನಮ್ಮ ಹೊಗೆಗೆ ನೋಟೀಸು, ಅಲ್ಲಿ ಹೊಗೆಗೆ ಸಾಲಾನಾ ಮೇಡಂ?" ಎಂದು ಖಾಜಾ ಕೇಳಿದ್ದ.

"ಇದನ್ನೇ ಬರೀರಿ ಖಾಜಾ. ಇದಕ್ಕಿಂತ ಚಂದ ನಾನೂ ಬರೆಯಲಾರೆ" ಎಂದು ಅವರು ತಾವೇ ಕೂತು ಟೈಪ್ ಮಾಡಿಕೊಟ್ಟಿದ್ದರು. ಜಾಹೀರಾತಿನ ಕೊನೆಯ ಸಾಲನ್ನೂ ಓದಿ ಹೇಳಿದ್ದರು: ಬರೆದು ಕಳಿಸಿದ್ದು ಸಮಿತಿಯ ಸ್ವತ್ತು, ವರದಿ ಹೊರಬರುವವರೆಗೆ ಗೋಪ್ಯ. ಖಾಜಾ ಆ ಸಾಲನ್ನು ಎಷ್ಟು ಗಟ್ಟಿಯಾಗಿ ಹಿಡಿದನೆಂದರೆ ಹೆಂಡತಿ ರಶೀದಾಗೂ ಬಾಯಿ ಬಿಟ್ಟಿರಲಿಲ್ಲ.

ಪಕ್ಕದ ಭಟ್ಟಿಯ ಶಿವಮೂರ್ತಿ ಗೋಡೆಯ ಮೇಲಿಂದ ತಲೆ ಹಾಕಿದ.

"ಏನ್ ಖಾಜಾ ಭಾಯ್, ದಿಲ್ಲಿ ತನಕ ಬಳಗ ಐತೇನು?"

"ಏನಿಲ್ಲ ಶಿವಮೂರ್ತಿ."

"ಏನಿಲ್ಲ ಅಂದ್ರೆ ತೋರ್ಸು."

"ತೋರ್ಸಂಗಿಲ್ಲ."

"ಯಾಕ?"

"ಯಾಕ ಅಂತನೂ ಹೇಳಂಗಿಲ್ಲ."

ಮಂಡಕ್ಕಿ ಜರಡಿ ಹಿಡಿಯುತ್ತಿದ್ದ ಗಿರಿಯಮ್ಮ ಜರಡಿ ಕೆಳಗಿಟ್ಟು ಎದ್ದು ಬಂದಳು. "ಇನ್‌ಕಂ ಟ್ಯಾಕ್ಸಾ ಸಾಬ್ರೆ?"

"ಅಲ್ಲ ತಾಯಿ."

"ಕೋರ್ಟಾ?"

"ಅದೂ ಅಲ್ಲ."

"ಜಾಗದ ತಂಟೆನಾ?"

"ಅಲ್ಲಮ್ಮ."

"ಹೊಗೆ ವಿಷಯಾನಾ?"

ಖಾಜಾನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಮರಳಿನ ಬಾಣಲೆಯನ್ನು ವಿನಾಕಾರಣ ಕೆದಕತೊಡಗಿದ.

ಗಿರಿಯಮ್ಮ ಶಿವಮೂರ್ತಿಯ ಮುಖ ನೋಡಿದಳು. ಶಿವಮೂರ್ತಿ ಗೋಡೆಯಿಂದ ಕೆಳಗಿಳಿದ.

ಕಳೆದ ವರ್ಷ ಅಧಿಕಾರಿಗಳು ಬಂದು, ಟೈರು ಸುಡುತ್ತಾರೆಂದು ಇದೇ ಓಣಿಯ ಎರಡು ಭಟ್ಟಿಗಳಿಗೆ ತಿಂಗಳ ಕಾಲ ಬೀಗ ಹಾಕಿದ್ದರು. ಅದರಲ್ಲೊಂದು ಶಿವಮೂರ್ತಿಯದು. ಸುಳಿವು ಕೊಟ್ಟವರು ಯಾರೆಂದು ಇಂದಿಗೂ ಗೊತ್ತಾಗಿರಲಿಲ್ಲ. ಈಗ ಗೊತ್ತಾಯಿತು ಎಂದು ಎಲ್ಲರಿಗೂ ಅನ್ನಿಸಿತು.

ಹನ್ನೊಂದು ಗಂಟೆಗೆ ಮೌಲಾ ಸಾಬ್ ಬಂದರು. ಓಣಿಗೆ ಹಿರಿಯರು. ಭಾನುವಳ್ಳಿಯ ರೈಸ್ ಮಿಲ್ಲಿನಿಂದ ವಾರಕ್ಕೆರಡು ಸಲ ಒಲೆ ಉರಿಸುವ ಭತ್ತದ ಹೊಟ್ಟಿನ ಲಾರಿ ಬರುತ್ತದೆ. ಆರು ಭಟ್ಟಿಗೂ ಸೇರಿ ಒಂದೇ ಲಾರಿ. ಓಣಿಯ ಬಾಯಲ್ಲಿ ಮೌಲಾ ಸಾಬ್ ನಿಂತು "ಹ್ಞಾಂ, ಇಳಿಸ್ರಿ" ಎಂದ ಕಡೆ ಮಾತ್ರ ಹೊಟ್ಟು ಇಳಿಯುವುದು ಇಲ್ಲಿಯ ಪದ್ಧತಿ.

"ನೋಡು ಖಾಜಾ, ನಿನ್ನ ಅಬ್ಬಾನ ಜತಿಗೆ ಭಟ್ಟಿ ಕಟ್ಟಿದೋನು ನಾನು. ನಂಗೂ ಹೇಳಲ್ಲಾ?"

"ಚಾಚಾ, ಕಸಮ್, ನಿಮ್ಮ ವಿರುದ್ಧ ಒಂದಕ್ಷರ ಇಲ್ಲ ಅದ್ರಾಗ."

"ಮತ್ತೇನೈತೆ?"

"ಹೇಳಂಗಿಲ್ಲ."

ಮುದುಕರು ನಿಟ್ಟುಸಿರಿಟ್ಟರು. "ಲಾರಿ ಮೂರೂವರೆಗೆ ಬರ್ತೈತೆ. ಅಷ್ಟರಾಗ ಹೇಳಿದ್ರೆ ಸರಿ. ಇಲ್ಲಾಂದ್ರೆ ಐದೇ ಭಟ್ಟಿಗೆ ಇಳಿತೈತೆ. ನನ್ನೊಬ್ಬನ ಮಾತಲ್ಲಪ್ಪ ಇದು."

ಖಾಜಾನ ಬಳಿ ಉಳಿದದ್ದು ಸಂಜೆ ತನಕ ಬರುವಷ್ಟು ಹೊಟ್ಟು. ನಾಳೆ ಬೆಳಿಗ್ಗೆ ಹರಿಹರದ ಅಂಗಡಿಯೊಂದಕ್ಕೆ ಮೂವತ್ತು ಚೀಲ ಮಂಡಕ್ಕಿ ಹೋಗಬೇಕು. ಇನ್ನೂ ಹನ್ನೆರಡೇ ಚೀಲ ತುಂಬಿತ್ತು. ಒಮ್ಮೆ ಒಲೆ ಆರಿದರೆ ಮತ್ತೆ ಹದಕ್ಕೆ ತರಲು ಒಂದು ದಿನ ಬೇಕು. ಹತ್ತು ವರ್ಷದ ಗಿರಾಕಿ, ಒಂದು ದಿನ ತಪ್ಪಿದರೆ ಬೇರೆ ಓಣಿ ಹಿಡಿಯುವವನು.

ಊಟದ ಡಬ್ಬಿ ಹಿಡಿದು ಬಂದ ರಶೀದಾ ದಾರಿಯಲ್ಲೇ ಐದು ಬಗೆಯ ಸುದ್ದಿ ಕೇಳಿಸಿಕೊಂಡಿದ್ದಳು.

"ದಿಲ್ಲಿಯಾಗ ಯಾರ್ರೀ ಅದಾರೆ ನಿಮಗೆ?"

"ಯಾರೂ ಇಲ್ಲ ಮಾರಾಯ್ತಿ. ಸಮಿತಿ."

"ಸಮಿತಾ? ಯಾರವಳು?"

"ಅವಳಲ್ಲ! ಸಮಿತಿ, ಮೂವತ್ತು ಜನ ಅದಾರೆ."

"ಮೂವತ್ತು!" ರಶೀದಾ ಡಬ್ಬಿಯನ್ನು ಕುಕ್ಕಿದಳು. "ಇಪ್ಪತ್ತೆರಡು ವರ್ಷದಾಗ ನನಗೊಂದು ಕಾಗದ ಬರೆದಿಲ್ಲ. ಮೂವತ್ತು ಜನಕ್ಕೆ ಬರೀತೀರಿ."

ಆದರೂ ಅವನು ಹರಿಹರಕ್ಕೆ ಹೊರಟಾಗ ಎರಡು ರೊಟ್ಟಿ ಸುತ್ತಿ ಅವನ ಚೀಲಕ್ಕೆ ತುರುಕಿದಳು, ಮುಖ ಆ ಕಡೆ ತಿರುಗಿಸಿಕೊಂಡೇ.

ಅನ್ನಪೂರ್ಣಮ್ಮನೇ ದಾರಿ ತೋರಿಸಬೇಕು ಎಂದು ಖಾಜಾ ಒಲೆಯನ್ನು ಆಳಿಗೆ ಒಪ್ಪಿಸಿ ಬಸ್ಸು ಹತ್ತಿದ. ಅವನ ಹಿಂದೆಯೇ ತಲೆ ತುಂಬ ಟವಲ್ ಹೊದ್ದ ಒಬ್ಬ ಮನುಷ್ಯ ಹತ್ತಿ ಕೊನೆಯ ಸೀಟಿನಲ್ಲಿ ಮುದುಡಿ ಕೂತ. ಅಂಥ ಬಿಸಿಲಲ್ಲಿ ಅಷ್ಟು ಹೊದ್ದವರು ಇಡೀ ದಾವಣಗೆರೆಯಲ್ಲಿ ಇನ್ನೊಬ್ಬರಿರಲಿಲ್ಲ. ಅಲ್ಲದೆ ಟವಲಿನ ತುಂಬ ಮಂಡಕ್ಕಿ ಅಂಟಿಕೊಂಡಿತ್ತು.

ಕಂಡಕ್ಟರ್ ಬಂದಾಗ ಖಾಜಾ ಹೇಳಿದ: "ಎರಡು ಹರಿಹರ ಕೊಡ್ರಿ. ಹಿಂದೆ ಟವಲ್ ಹೊದ್ಕಂಡು ಕುಂತಾರಲ್ಲ, ಅವರದೂ. ಪಾಪ, ಅವಸರದಾಗ ಬಂದಾರೆ, ಜೇಬಿನಾಗ ರೊಕ್ಕ ಇರ್ತೈತೋ ಇಲ್ಲೋ."

ಟವಲಿನೊಳಗಿಂದ ಒಂದು ಸಣ್ಣ ಕೆಮ್ಮು ಬಂತು.

ಹರಿಹರದಲ್ಲಿ ಅನ್ನಪೂರ್ಣಮ್ಮ ಬಾಗಿಲು ತೆಗೆದು, "ಬರ್ರಿ ಖಾಜಾ, ಕೂಡ್ರಿ. ಗೇಟಿನ ಹಿಂದೆ ನಿಂತೋರನ್ನೂ ಒಳಗೆ ಕರೀರಿ, ತಲೆ ಸುಡ್ತೈತೆ" ಎಂದರು. ಗುಟ್ಟಾಗಿ ಇಣುಕಲು ಬಂದಿದ್ದ ಶಿವಮೂರ್ತಿ ಎರಡು ಲೋಟ ಮಜ್ಜಿಗೆ ಕುಡಿದು ಟವಲ್ ಮಡಿಸಿ ತೊಡೆಯ ಮೇಲಿಟ್ಟುಕೊಂಡ. ಗೂಢಚಾರಿಕೆ ಅಲ್ಲಿಗೆ ಮುಗಿಯಿತು.

ಖಾಜಾನ ಗೋಳು ಕೇಳಿ ಅನ್ನಪೂರ್ಣಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ನಗು ಬಂದಾಗ ಅವರು ಹಾಗೆ ಮಾಡುತ್ತಿದ್ದರು.

"ನೀವು ಬರೆದಿದ್ದು ಗೋಪ್ಯ. ಅದು ಸರಿ. ಆದ್ರೆ ಜಾಹೀರಾತು ಗೋಪ್ಯ ಹೆಂಗಾಗ್ತೈತೆ? ಅದು ಪೇಪರಿನಾಗ ಬಂದಿದ್ದು. ಸಮಿತಿ ಏನು ಕೇಳೈತೆ ಅಂತ ಊರಿಗೆಲ್ಲ ಓದಿ ಹೇಳ್ರಿ, ಯಾರೂ ಬ್ಯಾಡ ಅನ್ನಲ್ಲ."

ಖಾಜಾ ಹಣೆ ಬಡಿದುಕೊಂಡ. ಇಷ್ಟು ಬೆಳಿಗ್ಗೆಯೇ ಹೊಳೆದಿದ್ದರೆ!

ಜಾಹೀರಾತನ್ನು ಅವರು ಕತ್ತರಿಸಿ ಇಟ್ಟಿದ್ದರು. ಶಿವಮೂರ್ತಿ ಎರಡು ಸಲ ಓದಿದ. "ಮೇಡಂ, ಪಾರ್ಲಿಮೆಂಟು ಸರ್ಕಾರನ ಪ್ರಶ್ನೆ ಕೇಳ್ತೈತಾ? ಎರಡೂ ಒಂದೇ ಅಲ್ಲಾ?"

"ಅಲ್ಲಪ್ಪ. ಸರ್ಕಾರ ಖರ್ಚು ಮಾಡ್ತೈತೆ. ಯಾಕ ಮಾಡಿದ್ರಿ, ಯಾರನ್ನ ಕೇಳಿ ಮಾಡಿದ್ರಿ ಅಂತ ಪಾರ್ಲಿಮೆಂಟು ಕೇಳಬೇಕು."

"ಓ! ನಮ್ಮನಿಯಾಗ ಪಾರ್ಲಿಮೆಂಟು ಅಂದ್ರೆ ನನ್ನ ಹೆಂಡ್ತಿ" ಎಂದ ಶಿವಮೂರ್ತಿ. ಅವನಿಗೆ ಎಲ್ಲವೂ ಅರ್ಥವಾಯಿತು.

ಇಬ್ಬರೂ ಒಂದೇ ಸೀಟಿನಲ್ಲಿ ಕೂತು, ರಶೀದಾಳ ರೊಟ್ಟಿ ಒಂದೊಂದು ತಿಂದು ವಾಪಸಾದರು. ಅಷ್ಟರಲ್ಲಿ ಓಣಿಯಲ್ಲಿ ಮಾತು ಬೆಳೆದಿತ್ತು: ಖಾಜಾ ಹರಿಹರದಲ್ಲಿ ಇನ್ನೊಂದು ದೂರು ಬರೆಸುತ್ತಿದ್ದಾನೆ, ಬೆನ್ನು ಹತ್ತಿದ ಶಿವಮೂರ್ತಿಯನ್ನು ಅಲ್ಲೇ ಕೂಡಿಹಾಕಿಸಿದ್ದಾನೆ. ಲಾರಿ ಬಂದು ನಿಂತು ಐದು ಭಟ್ಟಿಗೆ ಹೊಟ್ಟು ಇಳಿಸಿಯೂ ಆಗಿತ್ತು. ಆರನೆಯ ಪಾಲು ಲಾರಿಯಲ್ಲೇ ಕೂತಿತ್ತು.

ಶಿವಮೂರ್ತಿ ಲಾರಿಯ ಮೆಟ್ಟಿಲ ಮೇಲೆ ನಿಂತು ಜಾಹೀರಾತನ್ನು ರೇಡಿಯೋ ವಾರ್ತೆಯಂತೆ ಓದಿದ. "ಕೇಳಿದ್ರೇನು? ಹೊರದೇಶದ ಕಲ್ಲಿದ್ದಲಿನ ಸಾಲ! ನಮ್ಮ ಟೈರಿನ ಸುದ್ದಿನೇ ಇಲ್ಲ! ಖಾಜಾ ಭಾಯ್ ನಮ್ಮ ಪರ ಸರ್ಕಾರನ ಕೇಳ್ಯಾನೆ. ಏನು ಕೇಳ್ಯಾನೆ ಅಂತ ಮಾತ್ರ ಯಾರೂ ಕೇಳಂಗಿಲ್ಲ."

ಗಿರಿಯಮ್ಮ ಕೆನ್ನೆಗೆ ಕೈ ಇಟ್ಟುಕೊಂಡಳು. "ಅಯ್ಯ ಶಿವನೇ. ಅಲ್ಲಿ ಹೊಗೆಗೆ ಸಾಲ, ಇಲ್ಲಿ ಹೊಗೆಗೆ ಬೀಗ!"

ತಾನು ಬರೆದದ್ದನ್ನು ಅವಳು ಓದದೆಯೇ ಹೇಳಿಬಿಟ್ಟದ್ದು ಕಂಡು ಖಾಜಾ ಆಕಾಶ ನೋಡಿದ.

ಮೌಲಾ ಸಾಬ್ ಬಂದು ಅವನ ಹೆಗಲ ಮೇಲೆ ಕೈ ಇಟ್ಟರು. "ತಪ್ಪಾತು ಬೇಟಾ" ಎಂದು ಲಾರಿಯ ಕಡೆ ತಿರುಗಿದರು. "ಹ್ಞಾಂ, ಇಳಿಸ್ರಿ! ಖಾಜಾನ ಪಾಲೂ ಇಳಿಸ್ರಿ!" ರಶೀದಾ ಎಲ್ಲರಿಗೂ ಚಹಾ ಮಾಡಿಸಿದಳು. ಒಂದು ಲೋಟಕ್ಕೆ ಮಾತ್ರ ಎರಡು ಚಮಚ ಸಕ್ಕರೆ ಹಾಕಿ ಗಂಡನ ಕೈಗೆ ಕೊಟ್ಟಳು. ಹೊಟ್ಟಿನ ಚೀಲಗಳು ಒಂದೊಂದಾಗಿ ಅವನ ಭಟ್ಟಿಯ ಮುಂದೆ ಬೀಳತೊಡಗಿದವು. ಆ ಸದ್ದು ಖಾಜಾನಿಗೆ ಮದುವೆ ವಾಲಗದಂತೆ ಕೇಳಿಸಿತು.

ಆಗಲೇ ಸರ್ಕಾರಿ ಜೀಪೊಂದು ಬಂದು ಲಾರಿಯ ಹಿಂದೆ ನಿಂತಿತು.

ಇಳಿದವರು ಪರಿಸರದ ಕಚೇರಿಯ ನಾಗಭೂಷಣ್. ಕಳೆದ ವರ್ಷ ಬೀಗ ಹಾಕಿದವರು ಇವರೇ. ಇಂದು ಮುಖದ ತುಂಬ ನಗು, ಕೈಯಲ್ಲಿ ದಪ್ಪ ಫೈಲು.

"ಇಲ್ಲಿ ಖಾಜಾ ಹುಸೇನ್ ಅಂದ್ರೆ ಯಾರ್ರಿ?"

ಖಾಜಾ ಚಹಾ ಲೋಟ ಹಿಡಿದೇ ಮುಂದೆ ಬಂದ. ನಾಗಭೂಷಣ್ ಅವನ ಕೈ ಕುಲುಕಿದರು. "ನಿಮ್ಮ ಕಾಗದ ಓದಿದೆ. ಬಾಳ ಚಂದ ಬರ್ದೀರಿ."

"ಸಾರ್, ಅದು ಗೋಪ್ಯ..."

"ಗೋಪ್ಯನೇ. ದಿಲ್ಲಿಯಾಗ ಮೂರು ಆಫೀಸು, ಬೆಂಗಳೂರಿನಾಗ ಮೂರು, ಆಮೇಲೆ ನಾವು. ಏಳು ಠಸ್ಸೆ ಬಿದ್ದಾವೆ ನೋಡ್ರಿ. ಎಲ್ರೂ ಗೋಪ್ಯವಾಗೇ ಓದ್ಯಾರೆ."

"ಆದ್ರೆ ನಾನು ಬರ್ದಿದ್ದು ಹೊರದೇಶದ ಸಾಲದ ಬಗ್ಗೆ ಸಾರ್. ಅದಕ್ಕೆ ಸರ್ಕಾರ ಏನಂತು?"

"ಅದು ನಮಗೆ ಬರಲ್ಲ. ಸಾಲದ ಭಾಗ ದಿಲ್ಲಿಯಾಗೇ ಉಳ್ಕಂಡೈತೆ. ಅದ್ರಾಗ ‘ಹೊಗೆ’ ಅಂತ ಬರ್ದೀರಲ್ಲ, ಆ ಭಾಗ ಮಾತ್ರ ನಮಗೆ ಕಳಿಸ್ಯಾರೆ. ‘ಹೊಗೆಯ ಬಗ್ಗೆ ಕಳಕಳಿಯುಳ್ಳ ನಾಗರಿಕ. ಸೂಕ್ತ ಕ್ರಮ ಕೈಗೊಳ್ಳುವುದು.’" ಅವರು ಫೈಲಿನಿಂದ ಒಂದು ಗುರುತಿನ ಚೀಟಿ ತೆಗೆದು ಖಾಜಾನ ಕೊರಳಿಗೆ ತಾವೇ ಹಾಕಿದರು. "ಕೈಗೊಂಡೀವಿ. ಇವತ್ತಿನಿಂದ ಈ ಓಣಿಯ ಹೊಗೆ ನಿಗಾ ಸಮಿತಿಗೆ ನೀವು ಸದಸ್ಯರು. ಯಾವ ಭಟ್ಟಿಯಾಗ ಏನು ಸುಡ್ತಾರೆ, ಎಷ್ಟು ಹೊಗೆ ಬರ್ತೈತೆ, ಪ್ರತಿ ಸೋಮವಾರ ನಮಗೆ ಬರ್ದು ಕೊಡಬೇಕು."

"ಸಾರ್, ಬ್ಯಾಡ ಸಾರ್."

"ಬ್ಯಾಡ ಅನ್ನಾಕ ಫಾರ್ಮಿನಾಗ ಜಾಗ ಇಲ್ಲ" ಎಂದು ನಗುತ್ತಾ ನಾಗಭೂಷಣ್ ಜೀಪು ಹತ್ತಿದರು. "ನಿಮ್ಮಂಥೋರು ಓಣಿಗೊಬ್ಬರು ಇರಬೇಕು!"

ಜೀಪಿನ ಧೂಳು ಇಳಿಯಿತು. ಗಿರಿಯಮ್ಮ ಅರ್ಧ ಕುಡಿದ ಚಹಾವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟಳು. ಶಿವಮೂರ್ತಿ ಟವಲ್ ಕೊಡವಿ ತನ್ನ ಭಟ್ಟಿಯೊಳಗೆ ಹೋಗಿ ಕದ ಹಾಕಿಕೊಂಡ. ಒಳಗೆ ಏನೋ ದುಂಡಗಿನದನ್ನು ಉರುಳಿಸಿಕೊಂಡು ಹೋಗುವ ಸದ್ದು ಕೇಳಿಸಿತು.

ಮೌಲಾ ಸಾಬ್ ಖಾಜಾನ ಕೊರಳಿನ ಚೀಟಿಯನ್ನು ಹತ್ತಿರ ಹಿಡಿದು ಓದಿದರು. ಅದನ್ನು ನೆಟ್ಟಗೆ ಮಾಡಿ ಅವನ ಎದೆಯ ಮೇಲೆ ಮೃದುವಾಗಿ ಬಿಟ್ಟರು. ಆಮೇಲೆ ಹಮಾಲರ ಕಡೆ ತಿರುಗಿ, ನೆಲ ನೋಡುತ್ತಾ ಹೇಳಿದರು:

"ಇಳಿಸಿದ್ದನ್ನ ವಾಪಸ್ ಏರಿಸ್ರಪ್ಪ."

ಸೂರ್ಯ ಇಳಿಯುವ ಹೊತ್ತಿಗೆ ಖಾಜಾನ ಒಲೆಗೆ ಕೊನೆಯ ಬುಟ್ಟಿ ಹೊಟ್ಟು ಬಿದ್ದು, ಉರಿದು, ಬೂದಿಯಾಯಿತು. ಮರಳು ತಣ್ಣಗಾಗುತ್ತಾ ಬಂತು. ಮೂಲೆಯಲ್ಲಿ ಮಂಡಕ್ಕಿ ಚೀಲಗಳು ಹದಿನೆಂಟಕ್ಕೇ ನಿಂತಿದ್ದವು. ರಶೀದಾ ಬಂದು ಅವನ ಪಕ್ಕ ಕಟ್ಟೆಯ ಮೇಲೆ ಕೂತಳು. ಬೈಯಲಿಲ್ಲ. ಅವನ ಕೊರಳಿನ ಚೀಟಿ ನೋಡುತ್ತಾ ಕೇಳಿದಳು:

"ಸೋಮವಾರ ಏನಂತ ಬರೀತೀರಿ ಅವರಿಗೆ?"

ಖಾಜಾ ತನ್ನ ಚಿಮಣಿಯನ್ನು ಒಮ್ಮೆ ತಲೆಯೆತ್ತಿ ನೋಡಿದ.

"ಈ ಓಣಿಯಾಗ ಒಂದು ಭಟ್ಟಿ ಹೊಗೆ ಪೂರ್ತಿ ನಿಂತೈತೆ ಅಂತ."