ಹೊದಿಕೆ ಬಿಚ್ಚಿ ನೋಡಿದ ಗಡಿಬಿಡಿರಾಯ

ಒಂದು ಕರಡಿ ಗೊಂಬೆ ಕೇಳಿದವರ ಮನೆಗೆ ಎರಡು ಕರಡಿ ಹೋದದ್ದೇ ಗಡಿಬಿಡಿರಾಯನ ಶನಿವಾರ ಕೆಡಲು ಕಾರಣ. ಗೊಂಬೆ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟ ಪುಣ್ಯಾತ್ಮ ಅವನೇ. ನೀಲಿ ಕೋಟು, ಉದ್ದ ಜಡೆಯ ಯಜಮಾನಿ ಬೆಳಿಗ್ಗೆಯೇ ಕಚೇರಿಗೆ ಬಂದು ಕೂಗಾಡಿ ಹೋದರು.

"ಸಂಜೆಯೊಳಗೆ ಸರಿಮಾಡಿ ಅವರಿಗೆ ತೋರಿಸಿದ್ರೆ ನಾಳೆ ನಿಮಗೆ ರಜ. ಇಲ್ಲಾಂದ್ರೆ ಭಾನುವಾರಾನೂ ಇಲ್ಲೇ," ಎಂದರು ಸಾಹೇಬರು.

ಭಾನುವಾರ ಹೆಂಡತಿಯನ್ನೂ ಮಗಳನ್ನೂ ದೋಣಿಯಲ್ಲಿ ಕೂರಿಸುವುದಾಗಿ ಅವನು ಮಾತು ಕೊಟ್ಟಾಗಿತ್ತು. ಮಗಳು ಆಗಲೇ ದೋಣಿಗೆಂದು ತಂದ ಟೋಪಿ ಹಾಕಿಕೊಂಡೇ ಮಲಗುತ್ತಿದ್ದಳು.

ಅಕ್ಕಪಕ್ಕದ ಮೇಜಿನವರೆಲ್ಲ ತಮ್ಮ ಕೆಲಸ ಬಿಟ್ಟು ಅವನ ಬೆನ್ನ ಹಿಂದೆ ನೆರೆದರು.

"ಕರಡೀನೇ ತೆಗೆದುಬಿಡೋ, ಮೊಲ ಇಡು," ಎಂದ ಲೆಕ್ಕ ನೋಡುವವನು.

ಕಚೇರಿಗೆಲ್ಲ ಹಿರಿಯರಾದ ದೊಡ್ಡಕ್ಕ ಅವನನ್ನು ಪಕ್ಕಕ್ಕೆ ತಳ್ಳಿ ಪರದೆ ನೋಡಿದರು. "ಅಯ್ಯೋ ಪೆದ್ದಾ! ಗಿರಾಕಿ ಅದೇ ಕರಡೀನ ಆಟಿಕೆ ಪುಟದಲ್ಲಿ ಒಮ್ಮೆ ಒತ್ತಿದ್ದಾರೆ, ಹುಡುಕೋ ಪುಟದಲ್ಲಿ ಇನ್ನೊಮ್ಮೆ ಒತ್ತಿದ್ದಾರೆ. ನಾವು ವೆಬ್‌ಸೈಟ್ ಕಟ್ಟೋಕೆ ಬಳಸೋ ಫ್ರೇಮ್‌ವರ್ಕ್ ಪ್ರತಿ ಸಲಾನೂ ಅದಕ್ಕೊಂದು ಹೊಸ ಹೊದಿಕೆ ಸುತ್ತಿ ಕೊಡುತ್ತೆ. ನೀನು ಹೊದಿಕೆಗೆ ಹೊದಿಕೆ ಹೋಲಿಸಿ ಬೇರೆ ಬೇರೆ ಅಂತಿದ್ದೀಯ. ಬಿಚ್ಚಿ, ಒಳಗಿರೋದು ಅದೇ ಕರಡೀನಾ ನೋಡು!"

ಬಿಚ್ಚಿ ನೋಡಿದ. ಎರಡು ಕರಡಿ ಒಂದಾಯಿತು. ಗಡಿಬಿಡಿರಾಯ ಖುಷಿಗೆ ಕುರ್ಚಿಯ ಸಮೇತ ಒಂದು ಸುತ್ತು ತಿರುಗಿ ಲೆಕ್ಕದವನ ಕಾಲು ತುಳಿದ.

ಸಂಜೆ ಬಾಗಿಲು ತೆರೆಯಿತು. ಕೆಂಪು ಅಂಗಿ, ಕತ್ತರಿಸಿದ ಕೂದಲು, ದಪ್ಪ ಕನ್ನಡಕ.

"ಬೆಳಿಗ್ಗೆ ಬಂದವರು ಇವರೇನಾ?" ದೊಡ್ಡಕ್ಕ ಪಿಸುಗುಟ್ಟಿದರು.

"ಮುಖ ನೋಡಿ ಅಕ್ಕಾ, ಅದೇ ಮೂಗು, ಅದೇ ಗದ್ದ. ಹೊದಿಕೆ ಬದಲಾಗಿದೆ ಅಷ್ಟೇ. ನೀವೇ ಹೇಳಿಕೊಟ್ಟಿದ್ದಲ್ವಾ?" ಎಂದವನೇ ಎದ್ದು ಹೋಗಿ, ಆಕೆಯನ್ನು ಕರೆತಂದು ಕೂರಿಸಿದ. ಕರಡಿ ತೋರಿಸಿದ. ಅಷ್ಟಕ್ಕೇ ನಿಲ್ಲದೆ ಯಾವ ಗೊಂಬೆ ಚೆನ್ನಾಗಿ ಹೋಗುತ್ತಿದೆ, ಮುಂದೆ ಯಾವುದಕ್ಕೆ ರಿಯಾಯಿತಿ ಎಂಬುದನ್ನೂ ಬಿಡಿಸಿ ಬಿಡಿಸಿ ಹೇಳಿದ.

"ಅಬ್ಬಬ್ಬಾ, ಇದೊಂದೂ ನಂಗೆ ಗೊತ್ತೇ ಇರ್ಲಿಲ್ಲ!" ಎಂದು ಆಕೆ ಕಣ್ಣರಳಿಸಿದಾಗ, ಎಂಥ ತಮಾಷೆಯ ಹೆಂಗಸು ಎಂದುಕೊಂಡು ಹೊಟ್ಟೆ ತುಂಬ ನಕ್ಕ.

ಆಗ ಬಾಗಿಲಲ್ಲಿ ನೀಲಿ ಕೋಟು, ಉದ್ದ ಜಡೆ ಕಾಣಿಸಿತು. ಗಡಿಬಿಡಿರಾಯ ಒಮ್ಮೆ ಜಡೆಯನ್ನು, ಒಮ್ಮೆ ಕನ್ನಡಕವನ್ನು ನೋಡಿದ.

"ನನ್ನ ಅಂಗಡಿ ಗುಟ್ಟೆಲ್ಲಾ ಎದುರಂಗಡಿಯವಳಿಗೆ ಹೇಳಿದ್ರಾ?"

"ಎದುರಂಗಡಿಯವಳಂತೆ! ಅವಳಿ ತಂಗಿ ಅನ್ನೋಕೆ ಏನು ಕಷ್ಟ?" ಕನ್ನಡಕದಾಕೆ ನಕ್ಕರು. "ನನ್ನ ಗೊಂಬೆ ಅಂಗಡಿಗೂ ಒಂದು ವೆಬ್‌ಸೈಟ್ ಬೇಕಿತ್ತು, ವಿಚಾರಿಸೋಣ ಅಂತ ಬಂದೆ. ಪಾಪ, ನಾನು ಬಾಯಿ ಬಿಡೋಕೆ ಮುಂಚೇನೇ ಇವರು ಎಲ್ಲಾ ತೋರಿಸಿದ್ರು. ಥೇಟ್ ಇದೇ ಥರದ್ದು ಮಾಡಿಕೊಡಿ, ಸೋಮವಾರಕ್ಕೆ!"

"ಹಾಗಾದ್ರೆ ನನ್ನದು ಪೂರ್ತಿ ಬದಲಾಗ್ಬೇಕು. ಅದೂ ಸೋಮವಾರಕ್ಕೇ!" ಎಂದರು ನೀಲಿ ಕೋಟಿನಾಕೆ.

ಒಳಗಿನಿಂದ ಸಾಹೇಬರು ಕೈ ಉಜ್ಜಿಕೊಳ್ಳುತ್ತ ಬಂದರು. ಮುಖ ಊರಗಲವಾಗಿತ್ತು. "ಧಾರಾಳವಾಗಿ! ಎರಡೂ ಆಗುತ್ತೆ."

"ಸಾರ್, ಕರಡಿ ಸರಿಹೋಯ್ತಲ್ಲ..." ಗಡಿಬಿಡಿರಾಯ ಪರದೆಯತ್ತ ಬೆರಳು ತೋರಿಸಿದ. "ನಾಳೆ ರಜ ಅಂದಿದ್ರಿ..."

"ಅಂದಿದ್ದೆ. ಕೊಟ್ಟೂ ಇದ್ದೀನಿ," ಸಾಹೇಬರು ಪ್ರೀತಿಯಿಂದ ಅವನ ಬೆನ್ನು ತಟ್ಟಿದರು. "ರಜ ಇರೋದ್ರಿಂದ ತಾನೇ ನಾಳೆ ಇಡೀ ದಿನ ನೀವು ಖಾಲಿ?"