ಯುವ ಘಟಕದ ಮೊಣಕಾಲು

ನಮ್ಮ ಪಕ್ಷದ ಯುವ ಘಟಕದ ಅಧ್ಯಕ್ಷರಿಗೆ ಅರವತ್ತೊಂಬತ್ತು ತುಂಬಿದ ಸಂದರ್ಭದಲ್ಲಿ ಶಾಖೆಯು ಸಭೆ ಸೇರಿ ಅವರ ಉಜ್ವಲ ಭವಿಷ್ಯಕ್ಕೆ ಶುಭ ಕೋರಿತು. ಹಾರವನ್ನು ಅವರೇ ತಂದಿದ್ದರು. ಸಭೆಗೆ ಬೇಕಾದ್ದನ್ನೆಲ್ಲ ತರುವುದು ಯುವ ಘಟಕದ ಕೆಲಸ, ಮತ್ತು ಯುವ ಘಟಕದಲ್ಲಿ ಇರುವುದು ಅವರೊಬ್ಬರೇ.

ವೃತ್ತಿಯಿಂದ ಅವರು ದರ್ಜಿ. ಮೀಸೆ ಕಪ್ಪಗಿದ್ದಾಗ ಸೇರಿದವರು. ಆಗ ಯುವ ಘಟಕಕ್ಕೆ ಮೂವತ್ತೈದರ ವಯೋಮಿತಿ ಇತ್ತು. ದರ್ಜಿ ಮೂವತ್ತೈದು ದಾಟುವ ಹೊತ್ತಿಗೆ ಅವರ ಜಾಗಕ್ಕೆ ಇನ್ನೊಬ್ಬರು ಬರಲಿಲ್ಲ. ಘಟಕ ಖಾಲಿ ಬೀಳಬಾರದೆಂದು ಮಿತಿಯನ್ನು ನಲವತ್ತಕ್ಕೆ ಏರಿಸಿದೆವು. ಆಮೇಲೆ ಮಿತಿಯೂ ದರ್ಜಿಯೂ ಜೊತೆಜೊತೆಯಾಗಿ ಬೆಳೆದರು. ಈಗ ಅದು ಎಂಬತ್ತರಲ್ಲಿದೆ. ಯುವಜನರ ಬಗ್ಗೆ ಇಷ್ಟು ಧಾರಾಳವಾಗಿ ಯೋಚಿಸಿದ ಪಕ್ಷ ಇನ್ನೊಂದಿದ್ದರೆ ಯಾರಾದರೂ ತೋರಿಸಲಿ. ನಾನು ಶಾಖೆಯ ಪ್ರಚಾರ ಕಾರ್ಯದರ್ಶಿ, ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಯುವಕರೆಂದ ಮೇಲೆ ಜವಾಬ್ದಾರಿ ಇದ್ದದ್ದೇ. ಸಭೆಗೆ ಮುಂಚೆ ಕುರ್ಚಿ ಹಾಕಬೇಕು, ಮುಗಿದ ಮೇಲೆ ಎತ್ತಿಡಬೇಕು, ಏಣಿ ಹತ್ತಿ ಬ್ಯಾನರ್ ಕಟ್ಟಬೇಕು, ಘೋಷಣೆ ಕೂಗಬೇಕು, ಉಳಿದ ಹೊತ್ತು ಹಿಂದೆ ನಿಂತಿರಬೇಕು. ಕೂರುವಂತಿಲ್ಲ. "ಯುವಶಕ್ತಿಯು ಸದಾ ಎದ್ದು ನಿಂತಿರತಕ್ಕದ್ದು" ಎಂದು ನಿಯಮಾವಳಿಯಲ್ಲೇ ಇದೆ. ಬರೆದವರು ಯಾವ ಅರ್ಥದಲ್ಲಿ ಬರೆದಿದ್ದರೋ, ಕೇಳೋಣವೆಂದರೆ ಅವರು ಎದುರು ಪಕ್ಷ ಸೇರಿ ಮಂತ್ರಿಯಾಗಿದ್ದಾರೆ.

ಹೊಲಿಗೆ ಯಂತ್ರ ತುಳಿದು ತುಳಿದು ದರ್ಜಿಯ ಎರಡೂ ಮೊಣಕಾಲು ಹೋಗಿದ್ದವು. ಅವರಿಗೆ ಉಳಿದಿದ್ದ ರಾಜಕೀಯ ಮಹತ್ವಾಕಾಂಕ್ಷೆ ಒಂದೇ: ಒಮ್ಮೆ ಸಭೆಯಲ್ಲಿ ಕೂರಬೇಕು. ಟಿಕೆಟ್ಟು ಬೇಡ, ನಿಗಮ ಮಂಡಳಿ ಬೇಡ, ಒಂದು ಪ್ಲಾಸ್ಟಿಕ್ ಕುರ್ಚಿ ಸಾಕು. ಆದರೆ ಯುವ ಘಟಕವನ್ನು ಇನ್ನೊಬ್ಬರ ಕೈಗೊಪ್ಪಿಸದೆ ಯಾರೂ ವಯಸ್ಸಾದವರಾಗುವಂತಿಲ್ಲ.

ಹೀಗಿರುವಾಗ ಚುನಾವಣೆ ಬಂತು, ಹೋಯಿತು. ನಮ್ಮ ಅಭ್ಯರ್ಥಿಗೆ ಬಿದ್ದ ಮತಗಳು ಶಾಖೆಯ ಪದಾಧಿಕಾರಿಗಳ ಸಂಖ್ಯೆಗಿಂತ ಕಡಿಮೆಯಿದ್ದವು. ಯಾರು ಹಾಕಲಿಲ್ಲವೆಂದು ಯಾರೂ ಯಾರನ್ನೂ ಕೇಳಲಿಲ್ಲ. ಮತದಾನ ಗುಪ್ತವಾಗಿರಬೇಕೆಂಬ ತತ್ವದಲ್ಲಿ ನಮಗೆಲ್ಲರಿಗೂ ಅಷ್ಟು ಆಳವಾದ ನಂಬಿಕೆ.

ಕೇಂದ್ರ ಕಚೇರಿಯಿಂದ ಸುತ್ತೋಲೆ ಬಂತು. "ಪಕ್ಷದ ಪುನಶ್ಚೇತನದ ಅಂಗವಾಗಿ ಪ್ರತಿಯೊಂದು ಶಾಖೆಯೂ ಸಮಾವೇಶ ನಡೆಸಿ, ವೇದಿಕೆಯ ಮೇಲೆ ಕನಿಷ್ಠ ಒಂದು ಯುವ ಮುಖವನ್ನು ಕೂರಿಸತಕ್ಕದ್ದು. ವೀಕ್ಷಕರು ಖುದ್ದಾಗಿ ಬಂದು ಮುಖವನ್ನು ಪರಿಶೀಲಿಸುವರು. ಮುಖ ಕಂಡುಬಾರದಿದ್ದಲ್ಲಿ ಶಾಖೆಯನ್ನು ಮುಚ್ಚಲಾಗುವುದು."

ಸುತ್ತೋಲೆಯ ಚರ್ಚೆಗೆ ಸೇರಿದೆವು. ನಮ್ಮ ಕಚೇರಿ ಇರುವುದು ಶಾಖಾಧ್ಯಕ್ಷರ ಮರ ಕೊಯ್ಯುವ ಅಂಗಡಿಯ ಹಿಂದಿನ ಕೋಣೆಯಲ್ಲಿ. ಯಾರಾದರೂ ಗಂಭೀರವಾಗಿ ಮಾತಾಡಲು ಬಾಯಿ ತೆರೆದಾಗಲೆಲ್ಲ ಆಚೆ ಗರಗಸ ಶುರುವಾಗುತ್ತದೆ. ಎಷ್ಟೋ ಒಳ್ಳೆಯ ಸಲಹೆಗಳು ಹೀಗೇ ಹೋಗಿವೆ.

"ಯುವ ಮುಖಕ್ಕೇನು ಬರ? ನಮ್ಮ ದರ್ಜಿಯಣ್ಣ ಇದಾರಲ್ಲ, ಅವರನ್ನೇ ಕೂರಿಸಿ," ಎಂದರು ಮಹಿಳಾ ಘಟಕದ ತರಕಾರಿ ಅಕ್ಕ. ಮಾರುಕಟ್ಟೆಯಲ್ಲಿ ತರಕಾರಿ ಮಾರುವ ಅವರಿಗೆ ಎಲ್ಲವೂ ಥಟ್ಟನೆ ಮುಗಿಯಬೇಕು.

ಹಿಂದೆ ನಿಂತಿದ್ದ ದರ್ಜಿಯ ಮುಖ ಅರಳಿತು. ಅಷ್ಟರಲ್ಲಿ ಶಾಖೆಯ ಕಾರ್ಯದರ್ಶಿಗಳು ಕನ್ನಡಕ ಸರಿ ಮಾಡಿಕೊಂಡರು. ಅವರು ನ್ಯಾಯಾಲಯದಲ್ಲಿ ಗುಮಾಸ್ತರಾಗಿ ನಿವೃತ್ತರಾದವರು; ಅವರು ಕನ್ನಡಕ ಸರಿ ಮಾಡಿಕೊಂಡರೆ ಯಾರದೋ ಕೆಲಸ ಕೆಟ್ಟಿತು ಎಂದೇ ಅರ್ಥ.

"ಆಗಲ್ಲ. ಯುವಕರು ನಿಂತಿರಬೇಕು. ವೇದಿಕೆ ಮೇಲಾದ್ರೆ ಕೂತಿರಬೇಕು. ಕೂತ ತಕ್ಷಣ ಅವರು ಯುವಕರಾಗಿ ಉಳಿಯಲ್ಲ."

"ಕೇಳಿಸ್ತಾ ತಮ್ಮಾ?" ಎಂದರು ಶಾಖಾಧ್ಯಕ್ಷರು. ಅವರಿಗೆ ಐವತ್ತೆರಡು. ಯುವ ಘಟಕದವರನ್ನು ಅವರು ತಮ್ಮಾ ಎಂದೇ ಕರೆಯುವುದು.

"ಕೇಳಿಸ್ತು," ಎಂದರು ದರ್ಜಿ. ಗೋಡೆಗೆ ಕೈಯೂರಿಕೊಂಡು, "ನನ್ನ ಮೊಮ್ಮಗಳು ಸೇರ್ತೀನಿ ಅಂತಿದಾಳೆ. ಹೊರಗೆ ನಿಂತಿದಾಳೆ, ಕರೀಲಾ?" ಎಂದರು.

ಒಳಗೆ ಬಂದ ಹುಡುಗಿ ಖಾಸಗಿ ಬಸ್ಸಿನ ಕಂಡಕ್ಟರ್. ವಯಸ್ಸು ಇಪ್ಪತ್ತಮೂರು. ಹಿರಿಯರ ಸೀಟಿನಲ್ಲಿ ಕೂತ ಹುಡುಗರನ್ನು ಕಾಲರ್ ಹಿಡಿದು ಎಬ್ಬಿಸುತ್ತಾಳೆಂದು ಆ ಮಾರ್ಗದಲ್ಲಿ ಅವಳಿಗೆ ಹೆಸರಿತ್ತು.

"ಪಕ್ಷದ ಸಿದ್ಧಾಂತ ಒಪ್ಪಿಗೆ ಇದೆಯೇನಮ್ಮ?" ಎಂದು ಶಾಖಾಧ್ಯಕ್ಷರು ಕೇಳಿದರು.

"ಅದೆಲ್ಲ ಗೊತ್ತಿಲ್ಲ ಸಾರ್. ನಮ್ಮ ತಾತಂಗೆ ಮಂಡಿ ನೋವು. ರಾತ್ರಿಯೆಲ್ಲ ನರಳ್ತಾರೆ. ಅವರು ಕೂತ್ಕೊಳ್ಲಿ, ಅವರ ಬದಲು ನಾನು ನಿಲ್ತೀನಿ. ನಂಗೆ ನಿಂತು ಅಭ್ಯಾಸ."

ಸಿದ್ಧಾಂತಕ್ಕಾಗಿ ಸೇರಿದವರು ನಮ್ಮಲ್ಲೂ ಯಾರೂ ಇರಲಿಲ್ಲವಾದ್ದರಿಂದ ಉತ್ತರ ತೃಪ್ತಿಕರವೆಂದು ಸಭೆ ಭಾವಿಸಿತು. ದರ್ಜಿಯ ಕಣ್ಣಲ್ಲಿ ನೀರು ತುಂಬಿತ್ತು. ಕಾರ್ಯದರ್ಶಿಗಳು ಮತ್ತೆ ಕನ್ನಡಕ ಸರಿ ಮಾಡಿಕೊಂಡರು.

"ಯುವ ಘಟಕ ಸೇರೋಕೆ ಯುವ ಘಟಕದಲ್ಲಿ ಹತ್ತು ವರ್ಷದ ಅನುಭವ ಬೇಕು."

"ಒಳಗೇ ಬಿಡದೆ ಇದ್ರೆ ಅನುಭವ ಎಲ್ಲಿಂದ ಬರುತ್ತೆ?"

"ಅದು ಅರ್ಜಿದಾರರಿಗೆ ಬಿಟ್ಟ ವಿಷಯ."

ಇದನ್ನು ಕಿರುಕುಳವೆಂದು ತಿಳಿಯಬಾರದು. ಪಕ್ಷ ಅಧಿಕಾರದಲ್ಲಿದ್ದ ಕಾಲದಲ್ಲಿ ಕಂಡಕಂಡವರು ನುಗ್ಗದಿರಲಿ ಎಂದು ಮಾಡಿದ ನಿಯಮ ಅದು. ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ ಅಲ್ಲಿಂದೀಚೆಗೆ ಯಾರೂ ನುಗ್ಗಿಲ್ಲ. ತಿದ್ದುಪಡಿಗೂ ಅವಕಾಶವಿದೆ, ಯುವ ಘಟಕದ ಇಬ್ಬರು ಸದಸ್ಯರು ಒಟ್ಟಾಗಿ ಕೇಳಿದರೆ ಆಯಿತು. ದರ್ಜಿ ತಮ್ಮ ಅಕ್ಕಪಕ್ಕ ನೋಡಿಕೊಂಡರು. ಒಂದು ಕಡೆ ಏಣಿ ಇತ್ತು, ಇನ್ನೊಂದು ಕಡೆ ಕಸಬರಿಕೆ.

"ಮಹಿಳಾ ಘಟಕಕ್ಕೆ ತಗೊಳ್ಳಿ ಮತ್ತೆ," ಎಂದೆ ನಾನು.

"ನಮ್ಮ ಘಟಕ ಭರ್ತಿ," ಎಂದರು ತರಕಾರಿ ಅಕ್ಕ. "ಇರೋದು ಒಂದು ಕುರ್ಚಿ. ಅದರಲ್ಲಿ ನಾನಿದೀನಿ."

ಆಗ ಕಾರ್ಯದರ್ಶಿಗಳು ಕನ್ನಡಕ ತೆಗೆದೇಬಿಟ್ಟರು. ಹಾಗೆ ಮಾಡಿದ್ದನ್ನು ನಾವು ನೋಡಿಯೇ ಇರಲಿಲ್ಲ. "ಹಿರಿಯರ ಮಾರ್ಗದರ್ಶಕ ಮಂಡಳಿಯಲ್ಲಿ ಜಾಗ ಇದೆ," ಎಂದರು ಮೆಲ್ಲಗೆ.

ಜಾಗ ಇದ್ದದ್ದು ನಿಜ. ಮಂಡಳಿಯ ಕೊನೆಯ ಹಿರಿಯರು ತೀರಿಕೊಂಡ ಮೇಲೆ ಅವರ ದಿಂಬಿನ ಕುರ್ಚಿಗೆ ಬಟ್ಟೆ ಹೊದಿಸಿ ಇಟ್ಟಿದ್ದೆವು. ಮಂಡಳಿಗೆ ಬೇಕಾದ ಅರ್ಹತೆಯನ್ನು ಕಾರ್ಯದರ್ಶಿಗಳು ಓದಿದರು: "ಪಕ್ಷದ ಯಾವುದೇ ತಪ್ಪು ನಿರ್ಧಾರದಲ್ಲಿ ಪಾಲ್ಗೊಳ್ಳದ ನಿಷ್ಕಳಂಕ ವ್ಯಕ್ತಿಯಾಗಿರತಕ್ಕದ್ದು." ವಯಸ್ಸಿನ ಮಾತೇ ಇರಲಿಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಕೋಣೆಯಲ್ಲಿ ಅಂಥ ವ್ಯಕ್ತಿ ಇದ್ದದ್ದು ಒಬ್ಬಳೇ, ಅವಳು ಬಂದು ಇನ್ನೂ ಚಹಾ ಆರುವಷ್ಟು ಹೊತ್ತಾಗಿರಲಿಲ್ಲ.

ಎಲ್ಲವೂ ಒಂದೇ ಏಟಿಗೆ ಬಗೆಹರಿಯಿತು. ಹಿರಿಯರು ವೇದಿಕೆಯ ಮೇಲೆ ಕೂರಬಹುದು. ಈ ಹಿರಿಯರ ಮುಖ ಯುವ ಮುಖ. ಶಾಖೆ ಉಳಿಯಿತು. ಶಾಖಾಧ್ಯಕ್ಷರು ಧಡಕ್ಕನೆ ಎದ್ದು ಕೈ ಮುಗಿದರು.

"ತಾವು ಕೂತ್ಕೋಬೇಕು, ಅಮ್ಮಾವ್ರೇ."

"ಏನ್ರೀ ಇದು? ನಂಗೆ ಇಪ್ಪತ್ಮೂರು ಕಣ್ರೀ!"

"ದೊಡ್ಡವರು ಸಿಟ್ಟಾಗಬಾರದು. ತಮಗೆ ಬಿ.ಪಿ. ಬರುತ್ತೆ."

"ಹಾಗಾದ್ರೆ... ನಾನು?" ಎಂದು ಹಿಂದಿನಿಂದ ದರ್ಜಿ ಕೇಳಿದರು.

"ನೀನು ಇನ್ನೂ ಬೆಳೀಬೇಕು ತಮ್ಮಾ," ಎಂದರು ಶಾಖಾಧ್ಯಕ್ಷರು.

ಹುಡುಗಿ ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ಹೊರಟಳು. ದರ್ಜಿ ಕುಂಟುತ್ತ ಹೋಗಿ ಅವಳ ಕೈ ಹಿಡಿದುಕೊಂಡರು. "ಹೋಗಬೇಡ ಮಗಾ. ನೀನು ಹೋದ್ರೆ ಶಾಖೆ ಮುಚ್ತಾರೆ. ಶಾಖೆನೇ ಇಲ್ದಿದ್ರೆ ನಾನು ಎಲ್ಲಿ ಕೂರಲಿ?"

ಅವಳು ತಾತನ ಮುಖ ನೋಡಿದಳು, ಕುರ್ಚಿ ನೋಡಿದಳು. ಕೊನೆಗೆ ಬಂದು ಅಂಚಿನಲ್ಲಿ ಕೂತಳು.

ಸಮಾವೇಶದ ದಿನ ಯುವ ಘಟಕ ಬೆಳಿಗ್ಗೆಯಿಂದಲೇ ಓಡಾಡಿತು. ಬಾಡಿಗೆ ಕುರ್ಚಿ ಇಳಿಸಿತು, ಏಣಿ ಹತ್ತಿ "ಪುನಶ್ಚೇತನ" ಎಂಬ ಬ್ಯಾನರ್ ಕಟ್ಟಿತು, ಇಳಿಯುವಾಗ ಮಧ್ಯದಲ್ಲಿ ತುಸು ಹೊತ್ತು ಕಣ್ಣು ಮುಚ್ಚಿ ನಿಂತಿತು. ದಿಂಬಿನ ಕುರ್ಚಿಯನ್ನು ಅವರು ವೇದಿಕೆಗೆ ಹೊರುತ್ತಿದ್ದಾಗ ಮೊಮ್ಮಗಳು ಕೈ ಹಾಕಲು ಬಂದಳು. "ಈ ವಯಸ್ಸಲ್ಲಿ ಭಾರ ಎತ್ತಬಾರದು," ಎಂದು ಕಾರ್ಯದರ್ಶಿಗಳು ಅವಳನ್ನು ತಡೆದರು.

ವೀಕ್ಷಕರು ಬಂದು ಅವಳ ಮುಖವನ್ನು ಬಲಗಡೆಯಿಂದಲೂ ಎಡಗಡೆಯಿಂದಲೂ ಪರಿಶೀಲಿಸಿ ತಲೆಯಾಡಿಸಿದರು. ಆಮೇಲೆ ದರ್ಜಿಯನ್ನು ನೋಡಿದರು.

"ಇವರು ಯುವ ಘಟಕವೇ? ಪರವಾಗಿಲ್ಲ, ಲವಲವಿಕೆ ಇದೆ. ನಮ್ಮ ಕೇಂದ್ರ ಯುವ ಘಟಕದ ಅಧ್ಯಕ್ಷರು ಗಾಲಿಕುರ್ಚಿಯಲ್ಲಿ ಬರ್ತಾರೆ. ಅದನ್ನ ನಿಂತ ಹಾಗೇ ಪರಿಗಣಿಸಬೇಕು ಅಂತ ಆದೇಶ ಆಗಿದೆ."

ಮೈಕನ್ನು ಹಿರಿಯರ ಮುಂದೆ ಇಟ್ಟು ಮಾರ್ಗದರ್ಶನ ಕೋರಿದೆವು. ಅವಳು ಎದ್ದು ನಿಂತಳು. ಎಲ್ಲರೂ ಕೂತೇ ಮಾತಾಡಿ ಎಂದು ಬೇಡಿಕೊಂಡರು, ಕೇಳಲಿಲ್ಲ.

"ನಂಗೆ ಭಾಷಣ ಬರಲ್ಲ. ನಮ್ಮ ತಾತ ಬೆಳಿಗ್ಗೆಯಿಂದ ನಿಂತಿದಾರೆ. ಅವರಿಗೊಂದು ಕುರ್ಚಿ ಕೊಡಿ. ಅಷ್ಟೇ."

ಚಪ್ಪಾಳೆ ನಿಲ್ಲಲೇ ಇಲ್ಲ. ಇಷ್ಟು ಅರ್ಥಪೂರ್ಣವಾದ ಮಾತನ್ನು ಪಕ್ಷದ ವೇದಿಕೆಯಲ್ಲಿ ಕೇಳಿರಲಿಲ್ಲವೆಂದು ವೀಕ್ಷಕರು ಕರ್ಚೀಫು ತೆಗೆದರು. ಅಲ್ಲೇ ನಿರ್ಣಯವಾಯಿತು: "ಯುವಜನತೆಗೆ ಸ್ಥಾನ ನೀಡಬೇಕೆಂಬ ಮಾರ್ಗದರ್ಶಕರ ಸಲಹೆಯನ್ನು ಸಭೆಯು ತಾತ್ವಿಕವಾಗಿ ಒಪ್ಪಿದೆ. ಕುರ್ಚಿಗಳಿಗೆ ಸಂಬಂಧಿಸಿದ ವಿಷಯವಾದ್ದರಿಂದ ಜಾರಿಯ ಹೊಣೆ ಯುವ ಘಟಕದ್ದು."

ದರ್ಜಿ ಹಿಂದಕ್ಕೆ ಹೋಗಿ ಒಂದು ಕುರ್ಚಿ ಹೊತ್ತು ತಂದರು. ಕೆಳಗಿಟ್ಟರು. ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿದರು. ಉಸಿರು ಸುಧಾರಿಸಿಕೊಳ್ಳಲು ಬೆನ್ನು ನೇರ ಮಾಡಿದರು. ಆ ಹೊತ್ತಿಗೆ ತಡವಾಗಿ ಬಂದ ಶಾಖಾಧ್ಯಕ್ಷರ ಭಾವಮೈದುನ ಅದರಲ್ಲಿ ಕೂತು, "ಒಳ್ಳೇದಾಗ್ಲಿ ತಮ್ಮಾ," ಎಂದ. ನನ್ನ ಕುರ್ಚಿಯನ್ನಾದರೂ ಬಿಟ್ಟುಕೊಡಬಹುದಿತ್ತು. ಆದರೆ ಪ್ರಚಾರ ಕಾರ್ಯದರ್ಶಿ ಎದ್ದರೆ ಪಕ್ಷ ಬಿಟ್ಟನೆಂದು ಸುದ್ದಿಯಾಗುತ್ತದೆ.

ಶಾಖೆ ಉಳಿಯಿತು. ಅಲ್ಲಿಂದ ಪ್ರತಿ ಸಭೆಯಲ್ಲೂ ಹುಡುಗಿ ಮೊದಲು ತಾತನ ಕುರ್ಚಿಯ ಮಾತೆತ್ತುತ್ತಿದ್ದಳು. ತಾತ್ವಿಕವಾಗಿ ಒಪ್ಪಿಯಾಗಿದೆ ಎಂದು ನಾವು ನೆನಪಿಸುತ್ತಿದ್ದೆವು. ಅವಳು ಕೂಗಾಡುತ್ತಿದ್ದಳು, ಹಿರಿಯರು ಬೈದರೆ ಬೇಜಾರು ಮಾಡಿಕೊಳ್ಳಬಾರದೆಂದು ನಾವು ತಲೆ ತಗ್ಗಿಸಿ ಕೇಳುತ್ತಿದ್ದೆವು. ಚಹಾ ಮೊದಲು ಅವಳಿಗೆ ಹೋಗುತ್ತಿತ್ತು. ತರಕಾರಿ ಅಕ್ಕ ಬೆನ್ನಿಗೆ ಇನ್ನೊಂದು ದಿಂಬು ತಂದುಕೊಟ್ಟರು. ಮನೆ ಜಗಳ ಬಗೆಹರಿಸಿ ಎಂದು ಮುದುಕರೂ ಬಂದು ಅವಳ ಮುಂದೆ ನಿಲ್ಲತೊಡಗಿದರು. ದಿನವಿಡೀ ಬಸ್ಸಿನಲ್ಲಿ ಜೋಲಿ ಹೊಡೆಯುತ್ತ ನಿಂತು ಬರುವವಳಿಗೆ ಆ ಕುರ್ಚಿ ಹಿತವಾಗಿರಲೇಬೇಕು. ಕೂಗಾಟ ಕಡಿಮೆಯಾಯಿತು. ಆಮೇಲೆ ಒಂದು ಸಭೆಯಲ್ಲಿ ತಾತನ ವಿಷಯ ಬರಲೇ ಇಲ್ಲ. ಅವಳು ಹಿಂದಕ್ಕೊರಗಿ, "ಮುಂದಿನ ವಿಷಯ ಏನು?" ಎಂದಳು.

ಕಳೆದ ವಾರದ ಸಭೆ ಸ್ವಲ್ಪ ಉದ್ದವಾಯಿತು. ಯುವಕರು ಪಕ್ಷಕ್ಕೆ ಯಾಕೆ ಬರುತ್ತಿಲ್ಲ ಎಂಬುದು ಚರ್ಚೆಯ ವಿಷಯ. ಶಾಖಾಧ್ಯಕ್ಷರು ಮಾತಾಡುತ್ತಿದ್ದಾಗ ಹಿಂದೆ ಏನೋ ಕಿರ್ರೆಂದಿತು. ತಿರುಗಿ ನೋಡಿದರೆ ದರ್ಜಿ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಎರಡೂ ಮಂಡಿಗಳನ್ನು ಅಂಗೈಯಿಂದ ಒತ್ತಿಕೊಂಡಿದ್ದರು.

ಆಚೆ ಗರಗಸವೂ ನಿಂತಿತು. ಕಾರ್ಯದರ್ಶಿಗಳು ಕನ್ನಡಕ ಸರಿ ಮಾಡಿಕೊಂಡು, "ಇದಕ್ಕೆ ಹಿರಿಯರೇ ಹೇಳಬೇಕು," ಎಂದರು.

ಎಲ್ಲರೂ ಅವಳ ಕಡೆ ನೋಡಿದೆವು. ಅವಳು ದಿಂಬಿಗೆ ಒರಗಿದಂತೆಯೇ ತಾತನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನಿಟ್ಟುಸಿರು ಬಿಟ್ಟು ತಲೆಯಾಡಿಸಿದಳು.

"ಏನ್ ಹುಡುಗರಪ್ಪಾ ಈಗಿನವರು! ಒಂದು ಗಳಿಗೆ ನಿಂತ್ಕೊಳ್ಳೋಕೂ ಆಗಲ್ಲ ಅಂದ್ರೆ ಪಕ್ಷ ಹೇಗೆ ಬೆಳೆಯುತ್ತೆ?"

ದರ್ಜಿ ಏಣಿ ಹಿಡಿದು ಎದ್ದರು. ಅವರಿಗೆ ನೋವಾಯಿತೇನೋ ಎಂದು ನಾನು ಮುಖ ನೋಡಿದೆ. ಅವರ ಮುಖ ನಾಚಿಕೆಯಿಂದ ಕೆಂಪಾಗಿತ್ತು.

"ತಪ್ಪಾಯ್ತು ಅಮ್ಮಾವ್ರೇ. ಹುಡುಗುಬುದ್ಧಿ," ಎಂದರು.

ಹುಡುಗನಿಗೆ ಇನ್ನೂ ವಯಸ್ಸಿದೆ, ತಿದ್ದಿಕೊಳ್ಳುತ್ತಾನೆ ಎಂದು ಶಾಖಾಧ್ಯಕ್ಷರು ಭರವಸೆ ವ್ಯಕ್ತಪಡಿಸಿದರು. ಸಭೆ ಅದನ್ನು ಒಮ್ಮತದಿಂದ ಒಪ್ಪಿತು. ಎಲ್ಲರಿಗಿಂತ ಮೊದಲು ಕೈ ಎತ್ತಿದವರು ದರ್ಜಿಯೇ.