ಸದ್ದಿಲ್ಲದ ಕಂಪ್ಯೂಟರಿಗೆ ನೀರು ತುಂಬಿಸಿದ್ದು

ನಲವತ್ತೆಂಟು ವರ್ಷವಾದ ಮೇಲೆ ಮನುಷ್ಯ ತನ್ನ ಕೆಲವು ಚಟಗಳನ್ನು ಧೈರ್ಯವಾಗಿ ಒಪ್ಪಿಕೊಳ್ಳಬಹುದು, ಕೆಲವನ್ನು ಒಪ್ಪಿಕೊಳ್ಳಲಾಗುವುದಿಲ್ಲ. ಸಿಗರೇಟು ಸೇದುತ್ತೇನೆ ಎಂದರೆ ಜನ ಮರುಕಪಡುತ್ತಾರೆ. ಇಸ್ಪೀಟು ಆಡುತ್ತೇನೆ ಎಂದರೆ ಪಕ್ಕಕ್ಕೆ ಬಂದು ಕೂರುತ್ತಾರೆ. ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟ ಆಡುತ್ತೇನೆ ಎಂದರೆ ಮಾತ್ರ ನನ್ನನ್ನು ಬಿಟ್ಟು ನನ್ನ ಹೆಂಡತಿಯ ಮುಖ ನೋಡುತ್ತಾರೆ, ಪಾಪ ಎನ್ನುವ ಹಾಗೆ. ನಾನು ಕೆಜಿಎಫ್‌ನ ಒಂದು ಕಾರ್ಖಾನೆಯಲ್ಲಿ ಮಣ್ಣು ಸಾಗಿಸುವ ದೊಡ್ಡ ಗಾಡಿಗಳ ನಕ್ಷೆ ಬರೆಯುವವನು. ಇಪ್ಪತ್ತು ವರ್ಷದಿಂದ ಗಾಡಿಗಳ ಹೊಟ್ಟೆ ಬಗೆದು ನೋಡುತ್ತಿರುವ ನನಗೆ ಸ್ಕೂಟರಿನ ಲೈಸೆನ್ಸ್ ಕೂಡ ಇಲ್ಲ. ಹಾಗಾಗಿ ಸಂಜೆ ಮನೆಗೆ ಬಂದು ಕಾಫಿ ಕುಡಿದು, ಹದಿನಾರು ಚಕ್ರದ ಲಾರಿಯನ್ನು ಹಿಮದ ಘಾಟಿಯಲ್ಲಿ ಇಳಿಸಿದರೆ ಏನೋ ಒಂದು ಸಮಾಧಾನ.

ತೊಂದರೆ ಲಾರಿಯದಲ್ಲ, ಕಂಪ್ಯೂಟರಿನದು. ಆಟ ಶುರುವಾದ ಐದು ನಿಮಿಷಕ್ಕೆ ಅದರ ಫ್ಯಾನುಗಳು ಹಿಟ್ಟಿನ ಗಿರಣಿಯ ಹಾಗೆ ಬೊಬ್ಬೆ ಹಾಕುತ್ತಿದ್ದವು. ನನ್ನ ಹೆಂಡತಿ ವಿಮಲಾ ಬಂಗಾರಪೇಟೆಯ ಶಾಲೆಯೊಂದರಲ್ಲಿ ಕನ್ನಡ ಟೀಚರು. ಅರವತ್ತು ಮಕ್ಕಳ ಗದ್ದಲ ಕೇಳಿ ರೈಲಿನಲ್ಲಿ ಮನೆಗೆ ಬಂದರೆ ಇಲ್ಲಿ ಗಿರಣಿ. ಅವಳಿಗೆ ಅರೆತಲೆನೋವು ಬೇರೆ. ಒಂದು ಶನಿವಾರ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದವಳು ನನ್ನನ್ನು ಕರೆದು, ಕಣ್ಣು ತೆರೆಯದೆ ಹೇಳಿದಳು: "ರೀ, ಒಂದೋ ಅದು ಬಾಯಿ ಮುಚ್ಚಬೇಕು, ಇಲ್ಲ ನಾನು ದಾವಣಗೆರೆಗೆ ಹೋಗಿ ಅಮ್ಮನ ಮನೇಲಿ ಮಲಗಬೇಕು." ವಿಮಲಾ ಕೂಗಿದರೆ ಭಯವಿಲ್ಲ. ಮೆಲ್ಲಗೆ ಮಾತಾಡಿದರೆ ಎದ್ದು ಏನಾದರೂ ಮಾಡಬೇಕು.

ಹೀಗೆ ನಾನು ನೀರಿಗೆ ಇಳಿದೆ. ಕಂಪ್ಯೂಟರಿನ ಬಿಸಿಯಾಗುವ ಚಿಪ್‌ಗಳ ಮೇಲೆ ತಾಮ್ರದ ಬಿಲ್ಲೆ ಕೂರಿಸಿ, ಅದರೊಳಗೆ ನೀರು ಹರಿಸಿ, ಆ ಬಿಸಿನೀರನ್ನು ರೇಡಿಯೇಟರಿನಲ್ಲಿ ಆರಿಸಿ, ಪುಟ್ಟ ಪಂಪಿನಿಂದ ಮತ್ತೆ ತಿರುಗಿಸುವುದು. ಫ್ಯಾನುಗಳು ಆಗ ನಿಧಾನವಾಗಿ ತಿರುಗಿದರೂ ಸಾಕು, ಸದ್ದೇ ಇರುವುದಿಲ್ಲ. ಒಳ್ಳೆಯ ಉಪಾಯ. ಆದರೆ ನಕ್ಷೆ ಬರೆಯುವವನ ಕೈಗೆ ಒಳ್ಳೆಯ ಉಪಾಯ ಸಿಕ್ಕರೆ ಅದು ಬೇಗ ಮುಗಿಯುವುದಿಲ್ಲ. ಎಂಟು ತಿಂಗಳು ಯೋಜನೆ ಮಾಡಿದೆ. ಮೇಲಿನಿಂದ ಕಂಡಂತೆ ಒಂದು ನಕ್ಷೆ, ಪಕ್ಕದಿಂದ ಕಂಡಂತೆ ಒಂದು, ಕೊಳವೆ ಬಾಗುವ ಕಡೆ ಅಡ್ಡಸೀಳಿನ ನಕ್ಷೆ. ಮನೆ ಕಟ್ಟಿಸುವವರೂ ಇಷ್ಟು ಬರೆಸುವುದಿಲ್ಲ ಎಂದು ವಿಮಲಾ ಅವುಗಳ ಹಿಂಭಾಗದಲ್ಲಿ ಪರೀಕ್ಷೆಯ ಅಂಕಪಟ್ಟಿ ಬರೆಯತೊಡಗಿದಳು. ಬಂಗಾರಪೇಟೆಯ ಕಂಪ್ಯೂಟರ್ ಅಂಗಡಿಯವನು ನನ್ನ ಯೋಜನೆಯನ್ನು ಪೂರ್ತಿ ಕೇಳಿಸಿಕೊಂಡು, "ನೀರೂ ಕರೆಂಟೂ ಒಂದೇ ಡಬ್ಬದೊಳಗಾ ಸಾರ್? ಮನೇಲಿ ಅಮ್ಮೋರಿಗೆ ಗೊತ್ತಾ?" ಎಂದು ಮಾತ್ರ ಕೇಳಿದ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರಿನ ಕ್ಯಾನು ಕೊಂಡು ರೈಲ್ವೆ ಸ್ಟೇಷನ್ನಿಗೆ ನಡೆಯುವಾಗ ದಾರಿಯಲ್ಲಿ ಪಾನಿಪುರಿ ತಿಂದೆ. ಅಲ್ಲಿಯ ಪಾನಿಯೂ ಸ್ಫಟಿಕದ ಹಾಗೆ ತಿಳಿಯಾಗಿರುತ್ತದೆ. ಎರಡೂ ಕಣ್ಣಿಗೆ ಒಂದೇ ಎಂದುಕೊಂಡು, ಕ್ಯಾನನ್ನು ಗಾಡಿಯವನಿಂದ ದೂರವಿಟ್ಟೆ.

ನಾವಿರುವುದು ಊರಿಗಾಂನಲ್ಲಿ, ಚಿನ್ನದ ಗಣಿ ಕಂಪನಿಯ ಕಾಲದ ಒಂದು ಬಾಡಿಗೆ ಮನೆಯಲ್ಲಿ. ಎತ್ತರದ ಹೆಂಚಿನ ಮಾಡು, ದಪ್ಪ ಗೋಡೆ, ತಣ್ಣಗಿನ ಕೆಂಪು ನೆಲ. ಬಾಡಿಗೆಗೆ ಬಂದ ದಿನ ಮನೆಯ ಮಾಲೀಕರು ಬೀಗ, ಮೀಟರು ಎಲ್ಲ ತೋರಿಸಿದ ಮೇಲೆ, ಯಾವಾಗಲಾದರೂ ಅಡುಗೆಮನೆಯ ಪಾತ್ರೆಗಳು ತಾವೇ ಅಲುಗಿದರೆ ಓಡಬೇಡಿ, ಕೆಳಗೆ ಹಳೆಯ ಸುರಂಗಗಳಿವೆ, ಅವು ಆಗಾಗ ಮೈ ಸರಿಮಾಡಿಕೊಳ್ಳುತ್ತವೆ ಎಂದಿದ್ದರು. ನಲ್ಲಿಯಲ್ಲಿ ಎಷ್ಟು ಗಂಟೆಗೆ ನೀರು ಬರುತ್ತದೆ ಎಂದು ಹೇಳುವ ಧ್ವನಿಯಲ್ಲೇ ಹೇಳಿದ್ದರು. ನಮಗೂ ಹನ್ನೊಂದು ವರ್ಷದಲ್ಲಿ ಅಭ್ಯಾಸವಾಗಿತ್ತು.

ಪಕ್ಕದ ಮನೆಯಲ್ಲಿ ಮುನಿವೆಂಕಟಪ್ಪ ಮಗ ಸೊಸೆಯ ಜೊತೆ ಇದ್ದಾರೆ. ಎಪ್ಪತ್ತು ದಾಟಿದೆ. ಹುಟ್ಟಿದ್ದು ಬಂಗಾರಪೇಟೆ ಹತ್ತಿರದ ಹಳ್ಳಿಯಲ್ಲಿ, ದುಡಿದದ್ದೆಲ್ಲ ನಂದಿದುರ್ಗ ಗಣಿಯೊಳಗೆ, ನೀರೆತ್ತುವ ಪಂಪಿನ ಮುಂದೆ. ನಾವಿಬ್ಬರೂ ಅವರನ್ನು ತಾತ ಎನ್ನುತ್ತೇವೆ. ಅವರು ಯಾರ ಮನೆಗೂ ಹೋಗಿ ಕೂರುವವರಲ್ಲ. ಆದರೆ ಕಾಂಪೌಂಡಿನ ಆಚೆಯಿಂದ ನಾನು ಯಾರಿಗೋ ಫೋನಿನಲ್ಲಿ ಪಂಪು ಪಂಪು ಎನ್ನುವುದು ಕಿವಿಗೆ ಬಿದ್ದು, ಒಂದು ಭಾನುವಾರ ತಾವಾಗಿಯೇ ಬಂದರು. ಎಂಟು ತಿಂಗಳ ನಕ್ಷೆಯನ್ನು ಕನ್ನಡಕವಿಲ್ಲದೆ ನೋಡಿದರು. "ಇದು ಓಡಲ್ಲ ಸಾರ್," ಎಂದರು. "ತೊಟ್ಟಿ ಕೆಳಗಿಟ್ಟು ಪಂಪು ಮ್ಯಾಲಿಟ್ಟಿದೀರ. ಗಾಳಿ ಕುಡಿದು ಸಾಯ್ತದೆ." ನಿಜ. ನೀರಿನ ತೊಟ್ಟಿ ಯಾವಾಗಲೂ ಪಂಪಿಗಿಂತ ಮೇಲಿರಬೇಕು. ನಾನು, ಇಂಜಿನಿಯರಿಂಗ್ ಡಿಪ್ಲೊಮಾದವನು, ಏಳು ಹಾಳೆಗಳಲ್ಲಿ ಅದೇ ತಪ್ಪನ್ನು ಅಂದವಾಗಿ ಬರೆದಿದ್ದೆ.

ಅಂತೂ ಯಂತ್ರ ಜೋಡಿಸಿದ್ದಾಯಿತು. ಇಂಥ ಕೆಲಸದಲ್ಲಿ ಮೊದಲು ಉಳಿದ ಭಾಗಗಳಿಗೆ ಕರೆಂಟು ಕೊಡದೆ, ಪಂಪನ್ನಷ್ಟೇ ಒಂದು ದಿನ ಓಡಿಸಿ ಎಲ್ಲಿಯೂ ಸೋರುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಒಂದೊಂದು ಕೀಲಿನ ಕೆಳಗೂ ಟಿಶ್ಯೂ ಕಾಗದ ಹಾಸಿ, ನೀರು ತುಂಬಿಸಿ ಸ್ವಿಚ್ಚು ಒತ್ತಿದೆ. ವಿಮಲಾ ಬಾಗಿಲ ಬಳಿ ನಿಂತಿದ್ದಳು, ತಾತ ಕುರ್ಚಿಯಲ್ಲಿದ್ದರು. ಕೊಳವೆಯೊಳಗೆ ಗುಳ್ಳೆಗಳು ಓಡಿದವು, ಆಮೇಲೆ ನಿಂತವು. ನೀರು ತಿರುಗುತ್ತಿದೆಯೋ ಇಲ್ಲವೋ ತಿಳಿಯದಷ್ಟು ನಿಶ್ಶಬ್ದ. ವಿಮಲಾ, "ಶುರು ಮಾಡಿ" ಎಂದಳು. ಶುರುವಾಗಿದೆ ಎಂದು ಹೇಳುವಾಗ ನನ್ನ ಎದೆ ಉಬ್ಬಿತು. ಮದುವೆಯಾದ ಮೇಲೆ ಅವಳು ನನ್ನನ್ನು ಮೆಚ್ಚುಗೆಯಿಂದ ನೋಡಿದ ಕೆಲವೇ ಸಂದರ್ಭಗಳಲ್ಲಿ ಅದೂ ಒಂದು. ಅದು ಅರ್ಧ ನಿಮಿಷವೂ ಬಾಳಲಿಲ್ಲ.

ಟಕ್. ಟಕ್. ಟಕ್.

ಮೂವರಿಗೂ ಕೇಳಿಸಿತು. ಮೆದುವಾದ, ಆದರೆ ಅಳತೆ ಮಾಡಿ ಬಡಿದ ಹಾಗಿನ ಸದ್ದು. ನನ್ನ ಪಂಪು ಮೊದಲ ದಿನವೇ ಕೆಟ್ಟಿತು ಎಂದು ನನಗೆ ಅಳು ಬರುವಂತಾಯಿತು. ತಾತ ಎದ್ದು ಮೇಜಿನ ಮೇಲಿದ್ದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು, ಅದರ ತುದಿಯನ್ನು ಪಂಪಿನ ಮೈಗೆ, ಹಿಡಿಯನ್ನು ತಮ್ಮ ಕಿವಿಗೆ ಇಟ್ಟರು. ಪಂಪಿನ ಹೊಟ್ಟೆಯೊಳಗಿನ ಸದ್ದನ್ನು ಹಾಗೆ ಆಲಿಸುವುದು ಗಣಿಯವರ ಪದ್ಧತಿಯಂತೆ. ಪಂಪಿನಲ್ಲಿ ಏನೂ ದೋಷವಿಲ್ಲ, ಬೆಣ್ಣೆಯ ಹಾಗೆ ತಿರುಗುತ್ತಿದೆ ಎಂದರು. ಆಮೇಲೆ ಮೊಣಕಾಲೂರಿ, ಅದೇ ಸ್ಕ್ರೂಡ್ರೈವರನ್ನು ಕೆಂಪು ನೆಲಕ್ಕೆ ಊರಿ ಕಿವಿಗೊಟ್ಟರು. ಬಹಳ ಹೊತ್ತು ಹಾಗೆಯೇ ಇದ್ದರು. ಮತ್ತೆ ಟಕ್, ಟಕ್, ಟಕ್. ಅವರ ಮುಖ ನೋಡಿ ವಿಮಲಾ ಒಳಗೆ ಹೋಗಿ ನೀರು ತಂದಳು.

"ಮೂರು ಒಡೀತಾ ಐತಮ್ಮ," ಎಂದರು ತಾತ.

ಗಣಿಯೊಳಗಿನಿಂದ ಮೇಲಿನವರಿಗೆ ಬಡಿದು ತಿಳಿಸುವ ಲೆಕ್ಕವೊಂದಿತ್ತು ಎಂದು ಅವರು ವಿವರಿಸಿದರು. ಒಂದು ಬಡಿದರೆ ನಿಲ್ಲಿಸು. ಎರಡು ಬಡಿದರೆ ಇಳಿಸು. ಮೂರು ಬಡಿದರೆ ಆಳು ನಿಂತಿದ್ದಾನೆ, ಮೇಲಕ್ಕೆತ್ತು. ಮೇಲಿನವರು ತಿರುಗಿ ಅಷ್ಟೇ ಬಡಿಯುವವರೆಗೆ ಕೆಳಗಿನವನು ಕಾಯಬೇಕು. ನೀರು ಕುಡಿದು ಸ್ವಲ್ಪ ಸುಧಾರಿಸಿಕೊಂಡ ಮೇಲೆ ಪೆರುಮಾಳು ಎಂಬವನ ವಿಷಯ ಹೇಳಿದರು. ಪಂಪಿನ ಕೆಲಸದಲ್ಲಿ ಇವರ ಜೋಡಿ. ಒಂದೇ ಡಬ್ಬಿಯ ಊಟ. ಒಮ್ಮೆ ಒಳಗೆ ಬಂಡೆ ಸಿಡಿಯಿತು. ಮಿಕ್ಕವರನ್ನು ತೆಗೆದರು, ಪೆರುಮಾಳು ಸಿಕ್ಕಲಿಲ್ಲ. ಆ ದಾರಿಯನ್ನು ಮುಚ್ಚಿದರು. ವರ್ಷಗಳಾದ ಮೇಲೆ ಗಣಿಯನ್ನೇ ಮುಚ್ಚುವಾಗ ಪಂಪುಗಳನ್ನು ಒಂದೊಂದಾಗಿ ನಿಲ್ಲಿಸಲು ಹೇಳಿದರು. ಪೆರುಮಾಳು ಉಳಿದುಹೋದ ಆಳದಿಂದ ನೀರೆತ್ತುತ್ತಿದ್ದ ಪಂಪು ಇವರದಾಗಿತ್ತು.

"ಅವ್ನು ಒಳಗೇ ಅವ್ನೆ ಅಂತ ಗೊತ್ತಿದ್ದೂ ಸ್ವಿಚ್ಚು ತೆಗೆದೋನು ನಾನು. ಅವ್ನ ಮ್ಯಾಲೆ ನೀರು ಬಿಟ್ಟೋನು ನಾನೇ ಅಮ್ಮ." ಅಳಲಿಲ್ಲ. ವರ್ಷಗಟ್ಟಲೆ ಮನಸ್ಸಿನಲ್ಲಿ ಹೇಳಿಕೊಂಡು ಸವೆದುಹೋದ ಮಾತಿನ ಹಾಗೆ ಹೇಳಿದರು.

ಇಂಥ ಕಡೆ ಸುಮ್ಮನಿರಬೇಕು ಎಂಬುದು ಯಾರಿಗಾದರೂ ಹೊಳೆಯುತ್ತದೆ. ನನಗೆ ಹೊಳೆಯಲಿಲ್ಲ. ಸುರಂಗದಲ್ಲಿ ನೀರು ಏರುವಾಗ ಗಾಳಿ ಒತ್ತುತ್ತದೆ, ಬಂಡೆ ಬಿರಿಯುತ್ತದೆ ಎಂದು ಬೆರಳಾಡಿಸಿ ವಿವರಿಸಿದೆ. ನಂದಿದುರ್ಗ ಎಲ್ಲಿ, ಊರಿಗಾಂ ಎಲ್ಲಿ ಎಂದೂ ಸೇರಿಸಿದೆ. ತಾತ ಪೂರ್ತಿ ಕೇಳಿಸಿಕೊಂಡರು. ಒಳಗೆ ಎಲ್ಲ ಒಂದಕ್ಕೊಂದು ಸೇರಿಕೊಂಡಿದೆ ಎಂದಷ್ಟೇ ಹೇಳಿ, ಪಂಪನ್ನು ಒಂದು ವಾರ ನಿಲ್ಲಿಸದೆ ಇಡಬಹುದೇ ಎಂದು ಕೇಳಿದರು. ಒಂದು ದಿನ ಸಾಕಾಗಿದ್ದ ಪರೀಕ್ಷೆ ಹೀಗೆ ಒಂದು ವಾರದ್ದಾಯಿತು.

ಆ ವಾರ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಕುಕ್ಕರ್ ಕೂಗಿದರೆ ಇಬ್ಬರೂ ಬೆಚ್ಚುತ್ತಿದ್ದೆವು. ನಾನು ಕಾರ್ಖಾನೆಯಿಂದ ಬರುವಷ್ಟರಲ್ಲಿ ತಾತ ನಮ್ಮ ಜಗಲಿಯಲ್ಲಿ ಕೂತಿರುತ್ತಿದ್ದರು. ಒಳಗೆ ಬಂದು ಒಂದು ಗಂಟೆ ಪಂಪಿನ ಪಕ್ಕದಲ್ಲಿ ಕೈಕಟ್ಟಿ ಕೂರುತ್ತಿದ್ದರು. ದಿನಕ್ಕೆ ಒಂದು ಸಲವೋ ಎರಡು ಸಲವೋ ಮೂರು ಬಡಿತ. ಇನ್ನೊಂದು ವಿಚಿತ್ರವೆಂದರೆ, ತೊಟ್ಟಿಯ ನೀರು ದಿನವೂ ಒಂದು ಬೆರಳಿನಷ್ಟು ಇಳಿಯುತ್ತಿತ್ತು. ಟಿಶ್ಯೂ ಕಾಗದಗಳೆಲ್ಲ ಒಣಗಿದ್ದವು. ನೆಲ ಒಣಗಿತ್ತು. ಆ ನೀರು ಎಲ್ಲಿಗೆ ಹೋಗುತ್ತಿತ್ತೋ, ನಾನು ಮಾತಾಡದೆ ಕ್ಯಾನಿನಿಂದ ಮತ್ತೆ ತುಂಬಿಸುತ್ತಿದ್ದೆ. ಅವನಿಗೆ ಬಾಯಾರಿಕೆಯೇನೋ ಎಂದು ವಿಮಲಾ ಒಮ್ಮೆ ಅಂದು, ಅಂದದ್ದಕ್ಕೆ ತಾನೇ ಹೆದರಿ ದೇವರ ದೀಪ ಹಚ್ಚಲು ಹೋದಳು.

ಮುಂದಿನ ಭಾನುವಾರ ಮಧ್ಯಾಹ್ನ ತಾತ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಉತ್ತರ ಕೊಡಲು ತಮಗೆ ಒಪ್ಪಿಗೆ ಬೇಕು ಎಂದರು. ಮನೆ ನಮ್ಮದಲ್ಲ, ಗಣಿ ನನ್ನದಲ್ಲ, ಒಪ್ಪಿಗೆ ಕೊಡಲು ನಾನು ಯಾರು? ನಾನು ವಿಮಲಾಳನ್ನು ನೋಡಿದೆ. ಅವಳು ತಲೆಯಾಡಿಸಿದಳು. ಮೂರು ಗಂಟೆಯ ಹೊತ್ತಿಗೆ ಬಡಿತ ಬಂತು. ತಾತ ನೆಲಕ್ಕೆ ಬಾಗಿ, ಸ್ಕ್ರೂಡ್ರೈವರಿನ ಹಿಡಿಯಿಂದ ಮೂರು ಸಲ, ಅಷ್ಟೇ ಅಳತೆಯಾಗಿ ಬಡಿದರು. ಆಮೇಲೆ ನೆಲದ ಹತ್ತಿರ ಬಾಯಿ ತಂದು ಪೆರುಮಾಳುವಿನ ಭಾಷೆಯಲ್ಲಿ, ತಮಿಳಿನಲ್ಲಿ, ಏನೋ ಹೇಳಿದರು. ನನಗೆ ಅರ್ಥವಾದದ್ದು ಕಡೆಯ ಎರಡು ಮಾತು: "ಮೇಲೆ ವಾಡಾ." ಮೇಲಕ್ಕೆ ಬಾರೋ.

ಬಿಸಿಲು ಕಿಟಕಿಯಿಂದ ಅರ್ಧ ಕೋಣೆಯವರೆಗೆ ಬಂದಿತ್ತು. ನಾವು ಕಾದೆವು. ಸದ್ದಿಲ್ಲ. ಅಡುಗೆಮನೆಯಲ್ಲಿ ಲೋಟಗಳು ಒಮ್ಮೆ ಕಿಣಿಕಿಣಿ ಎಂದು ಅಲುಗಿ ನಿಂತವು, ಯಾರೋ ಪಕ್ಕದಿಂದ ಹಾದುಹೋದ ಹಾಗೆ. ವಿಮಲಾ ನನ್ನ ಕೈ ಹಿಡಿದಿದ್ದಳು ಎಂದು ಬರೆಯಬಹುದು. ಹಿಡಿದದ್ದು ನಾನು. ತಾತ ಮಾತ್ರ ಕುರ್ಚಿಗೆ ಒರಗಿ, ನೋಡನೋಡುತ್ತಿದ್ದಂತೆ ನಿದ್ದೆ ಹೋದರು. ಬಾಯಿ ತೆರೆದು, ಗೊರಕೆ ಹೊಡೆಯುತ್ತ, ಮಗುವಿನಂಥ ನಿದ್ದೆ. ಐದು ಗಂಟೆಗೆ ಸೊಸೆ ಹುಡುಕಿಕೊಂಡು ಬಂದಳು. ಮಾವ ಮಲಗಿರುವುದನ್ನು ಕಂಡು ಬಾಗಿಲಲ್ಲೇ ನಿಂತಳು. "ಎಬ್ಬಿಸ್ಬೇಡಿ ಅಕ್ಕ," ಎಂದಳು ವಿಮಲಾಗೆ. "ನಾನು ಮದ್ವೆಯಾಗಿ ಬಂದ್ ಮೇಲೆ ಇವ್ರು ನಿದ್ದೆ ಮಾಡಿದ್ದು ನೋಡೇ ಇಲ್ಲ."

ಮರುದಿನದಿಂದ ಬಡಿತ ಬರಲಿಲ್ಲ. ತೊಟ್ಟಿಯ ನೀರೂ ಇಳಿಯಲಿಲ್ಲ. ತಾತ ಸೋಮವಾರ ನಮ್ಮ ಮನೆಗೆ ಬರದೆ ಮಾರ್ಕೆಟ್ಟಿಗೆ ಹೋಗಿ ನೆಲಗಡಲೆ ತಂದು ಬೀದಿಗೆಲ್ಲ ಹಂಚಿದರು.

ಇದಾಗಿ ಹತ್ತು ದಿನಕ್ಕೆ, ಇಂಥ ಯಂತ್ರ ಕಟ್ಟುವವರು ಇಂಟರ್ನೆಟ್ಟಿನಲ್ಲಿ ಬರೆದದ್ದನ್ನು ಓದುತ್ತಿದ್ದಾಗ ನನಗೆ ಎಲ್ಲ ತಿಳಿಯಿತು. ಹೊಸ ರೇಡಿಯೇಟರಿನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಅದು ಗುಳ್ಳೆಯಾಗಿ ಬಿಟ್ಟು ಬಿಟ್ಟು ಪಂಪಿಗೆ ಬಂದು ಟಕ್ಕೆಂದು ಬಡಿಯುತ್ತದೆ. ಮೇಜಿನ ಕಾಲಿನಿಂದ ಆ ಸದ್ದು ನೆಲಕ್ಕೆ ಇಳಿಯುತ್ತದೆ. ಗಾಳಿ ಹೊರಟ ಜಾಗಕ್ಕೆ ನೀರು ಹೋಗುವುದರಿಂದ ಸೋರದೆಯೇ ತೊಟ್ಟಿ ಇಳಿಯುತ್ತದೆ. ಒಂದು ವಾರದಲ್ಲಿ ಗಾಳಿಯೆಲ್ಲ ಮುಗಿದರೆ ಸದ್ದೂ ಮುಗಿಯುತ್ತದೆ. ಮೂರೇ ಬಡಿತ ಏಕೆ ಎಂಬುದಕ್ಕೂ ನನ್ನಲ್ಲಿ ಉತ್ತರವಿತ್ತು: ನನ್ನ ರೇಡಿಯೇಟರಿನಲ್ಲಿ ನೀರು ಮೂರು ಸಾಲಾಗಿ ತಿರುಗುತ್ತದೆ. ಇದನ್ನು ತಾತನಿಗೆ ಹೇಳಬಾರದು ಎಂದು ಆ ಕ್ಷಣವೇ ನಿರ್ಧರಿಸಿದೆ. ನನ್ನ ಈ ದೊಡ್ಡ ಮನಸ್ಸು ಯಾರಿಗಾದರೂ ಗೊತ್ತಾಗಬೇಕಲ್ಲ, ಅದಕ್ಕೆ ವಿಮಲಾಗೆ ಹೇಳಿದೆ. ನಕ್ಷೆ ಬರೆದು ಹೇಳಿದೆ. ಅವಳು ಉತ್ತರಪತ್ರಿಕೆ ತಿದ್ದುತ್ತಲೇ ಕೇಳಿಸಿಕೊಂಡಳು.

"ಆ ವಾರದಲ್ಲಿ ಗುರುವಾರ ತಲೆನೋವು ಅಂತ ನಾನು ರಜೆ ಹಾಕಿದ್ದೆನಲ್ಲ," ಎಂದಳು. "ನೀವು ಕಾರ್ಖಾನೇಲಿದ್ರಿ. ಹನ್ನೊಂದರಿಂದ ಒಂದು ಗಂಟೆವರೆಗೂ ಕರೆಂಟು ಇರ್ಲಿಲ್ಲ. ಪಂಪು ನಿಂತಿತ್ತು."

"ಅದಕ್ಕೆ?"

"ಆಗಲೂ ಬಡೀತು."

ಎಷ್ಟು ಎಂದು ನಾನು ಕೇಳಲಿಲ್ಲ. ಅವಳು ಕೆಂಪು ಪೆನ್ನಿನಿಂದ ಯಾವುದೋ ಮಗುವಿನ ಕಾಗುಣಿತ ತಿದ್ದಿ ಹಾಳೆ ಮಗುಚಿದಳು.

ಈಗ ಕಂಪ್ಯೂಟರು ಪೂರ್ತಿ ಸಿದ್ಧವಾಗಿದೆ. ಕಾರ್ಖಾನೆಯ ಗೆಳೆಯರು ಬಂದು ನೋಡಿ, ಒಂದು ಚೂರೂ ಸದ್ದಿಲ್ಲವಲ್ಲ ಎಂದು ಬೆರಗಾಗಿ, ಇದಕ್ಕೆಲ್ಲ ಎಂಟು ತಿಂಗಳು ಏನು ಮಾಡಿದಿರಿ ಎಂದು ಕೇಳಿ ಹೋಗುತ್ತಾರೆ. ಎಷ್ಟು ಹೊತ್ತು ಆಡಿದರೂ ಅದರ ಪಕ್ಕದಲ್ಲಿ ಒಂದು ಸೊಳ್ಳೆ ಹಾರಿದ್ದು ಕೇಳಿಸುತ್ತದೆ. ಅದಕ್ಕೇ ನಾನು ಎರಡೂ ಕಿವಿ ಬಿಗಿಯಾಗಿ ಮುಚ್ಚುವಂಥ ಹೆಡ್‌ಫೋನು ತಂದುಕೊಂಡು, ಲಾರಿಯ ಇಂಜಿನ್ನಿನ ಸದ್ದನ್ನು ಕೊನೆಯವರೆಗೆ ಏರಿಸಿ, ಕಾಲುಗಳನ್ನು ನೆಲಕ್ಕೆ ತಾಗದಂತೆ ಕುರ್ಚಿಯ ಮೇಲೆ ಮಡಚಿಕೊಂಡು ಆಡುತ್ತೇನೆ. ವಿಮಲಾ ನಗುತ್ತಾಳೆ ಎಂದುಕೊಂಡಿದ್ದೆ. ಹೋದ ವಾರ ಬಂಗಾರಪೇಟೆಗೆ ಹೊರಟಾಗ, ತನಗೂ ಅಂಥದೇ ಒಂದು ಹೆಡ್‌ಫೋನು ತರಲು ಹೇಳಿದಳು.